ಪಾಲಾದ ಕಿಟಕಿ

ಜೂನ್ 3

ಅಕ್ಕಾ,

ರಾತ್ರಿ ಎರಡೂಕಾಲು. ಗೋಡೆಯಾಚೆ ನಿನ್ನ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಎಚ್ಚರವಾಗಿದ್ದು ಅದಕ್ಕೇ. ಇನ್ನು ನಿದ್ದೆ ಬರುವ ಮಾತಿಲ್ಲ, ಅಡುಗೆಮನೆಯ ದೀಪ ಹಾಕಿಕೊಂಡು ನಿನಗೆ ಬರೆಯುತ್ತಾ ಕೂತಿದ್ದೇನೆ. ಮಗು ತೊಡೆಯ ಮೇಲಿದೆ. ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರೆ ಸಾಕು, ಒಂದೇ ಕಣ್ಣು ಬಿಟ್ಟು ನೋಡುತ್ತಾಳೆ, ಥೇಟ್ ಇವರ ಗಿರಣಿಯ ಮೇಲ್ವಿಚಾರಕನ ಹಾಗೆ. ಅಕ್ಷರ ಸೊಟ್ಟಗಿದ್ದರೆ ನನ್ನ ತಪ್ಪಲ್ಲ.

ನೀನು ಬೀಗ ಹಾಕಿ ಹೋದ ಮನೆಗೆ ಯಾರು ಫೋನ್ ಮಾಡುತ್ತಾರೆ? ಮೊದಲ ಸಲ ಹೊಡೆದುಕೊಂಡಾಗ ಇವರನ್ನು ಅಲುಗಿಸಿ ಎಬ್ಬಿಸಿದರೆ, "ರಾಂಗ್ ನಂಬರ್ ಕಣೇ, ಮಲಕ್ಕೋ" ಅಂತ ಮಗ್ಗುಲು ಬದಲಿಸಿದರು. ರಾಂಗ್ ನಂಬರಿನವರು ಎರಡೇ ಸಲಕ್ಕೆ ಬಿಟ್ಟುಬಿಡುತ್ತಾರಾ? ಮತ್ತೆ ಮತ್ತೆ ಮಾಡಿ, ಎತ್ತಿದ ಮೇಲೆ ಬೈದು ಇಡುವುದಲ್ಲವಾ ಅವರ ಪದ್ಧತಿ?

ನೀನಿದ್ದಾಗ ಇಷ್ಟು ಹೊತ್ತಿಗೆ ಎಚ್ಚರವಾದರೆ ಗೋಡೆ ತಟ್ಟುತ್ತಿದ್ದೆ. ಎರಡು ಸಲ ತಟ್ಟಿದರೆ "ಎದ್ದಿದ್ದೀಯಾ?" ಅಂತ. ನೀನು ತಿರುಗಿ ಎರಡು ಸಲ ತಟ್ಟಿದರೆ "ಹೂಂ, ಸುಮ್ನೆ ಮಲಕ್ಕೋ" ಅಂತ. ಅಷ್ಟಕ್ಕೇ ನಿದ್ದೆ ಬಂದುಬಿಡುತ್ತಿತ್ತು. ಈಗ ತಟ್ಟಿದರೆ ಸುಣ್ಣ ಉದುರುತ್ತದೆ, ಅಷ್ಟೆ.

ಬರೆಯಬೇಕಾದ ವಿಷಯ ಬೇರೆ ಇದೆ. ಗಿರಣಿಯಲ್ಲಿ ಓವರ್‌ಟೈಮ್ ನಿಲ್ಲಿಸಿದ್ದಾರೆ. ಇವರು ಮಗ್ಗದ ಮೆಕ್ಯಾನಿಕ್ ಆದ ಮೇಲೆ ಸಂಬಳಕ್ಕಿಂತ ಓಟಿಯಿಂದಲೇ ಮನೆ ನಡೆಯುತ್ತಿತ್ತು ಅಂತ ನಿನಗೆ ಗೊತ್ತಲ್ಲ. ಅಮ್ಮ ಹೋದ ಮೇಲೆ ಸೋರುವ ಚಾವಣಿಗೆ ಅಂತ ನಾವಿಬ್ಬರೂ ಮನೆ ಅಡವಿಟ್ಟು ಎತ್ತಿದ ಸಾಲದ ಕಂತು ಈಗ ಕುತ್ತಿಗೆಗೆ ಬಂದಿದೆ. ನಿನ್ನ ಅರ್ಧ ಒಂದನೇ ತಾರೀಖು ತಪ್ಪದೆ ಮನಿಯಾರ್ಡರಿನಲ್ಲಿ ಬರುತ್ತದೆ, ಅದರ ಬಗ್ಗೆ ಒಂದು ಮಾತೂ ಇಲ್ಲ. ತೊಂದರೆ ನನ್ನ ಅರ್ಧದ್ದು. ಪೇಟೆಯ ಸಹಕಾರಿ ಬ್ಯಾಂಕಿನವರು ಈ ಸಾಲವನ್ನು ತಾವು ತೀರಿಸಿ, ಮನೆಯನ್ನು ತಮ್ಮಲ್ಲಿ ಅಡಮಾನ ಇಟ್ಟುಕೊಳ್ಳುತ್ತೇವೆ ಅನ್ನುತ್ತಾರೆ. ಬಡ್ಡಿ ಕಡಿಮೆ, ವರ್ಷ ಜಾಸ್ತಿ, ಕಂತು ಹಗುರ. ಬೇಕಿದ್ದರೆ ಮನೆಯ ಮೇಲೆ ಇನ್ನೂ ಸ್ವಲ್ಪ ಎತ್ತಬಹುದಂತೆ. ಇವರು ಅದೇ ದುಡ್ಡಲ್ಲಿ ಒಂದು ರಿಪೇರಿ ಅಂಗಡಿ ಇಡುವ ಕನಸು ಕಾಣುತ್ತಿದ್ದಾರೆ. ಮನೆ ಇಬ್ಬರ ಹೆಸರಲ್ಲಿದೆಯಲ್ಲ, ನಿನ್ನ ಸಹಿಯೂ ಬೇಕು.

ಒಂದು ಮಾತು ಹೇಳಲಾ? ಮನಿಯಾರ್ಡರಿನ ಕೆಳಗೆ ಎರಡು ಮಾತು ಬರೆಯಲು ಜಾಗ ಬಿಟ್ಟಿರುತ್ತಾರೆ. ಅಲ್ಲಿ ನೀನು "ಕ್ಷೇಮ" ಅಂತ ಬರೆದು ಚುಕ್ಕೆ ಇಡುತ್ತೀಯ. ಆ ಚುಕ್ಕೆ ನೋಡಿದರೆ ಮುಖಕ್ಕೇ ಬಾಗಿಲು ಹಾಕಿಕೊಂಡ ಹಾಗಾಗುತ್ತದೆ. ಮುಂದಿನ ಸಲ ಚುಕ್ಕೆಯಾದರೂ ಬಿಡು.

ನಿನ್ನ
ಸಣ್ಣಿ


ಜೂನ್ 14

ಸಣ್ಣಿ,

ಪತ್ರ ಬಂತು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡ್ಯೂಟಿ ಮಾಡುತ್ತಲೇ ಒಂದು ಕೈಯಲ್ಲಿ ಚಾರ್ಟು, ಒಂದು ಕೈಯಲ್ಲಿ ನಿನ್ನ ಪತ್ರ ಹಿಡಿದು ಓದಿದೆ. ಮಗು ರಾತ್ರಿ ಏಳುವುದು ರೋಗವಲ್ಲ. ತೊಡೆಯ ಮೇಲೆ ಅಲ್ಲಾಡಿಸುವ ಅಭ್ಯಾಸ ಮಾಡಿಸಿದರೆ ಅವಳು ಕಾಲೇಜಿಗೆ ಹೋಗುವ ತನಕ ಅಲ್ಲಾಡಿಸುತ್ತಿರಬೇಕಾಗುತ್ತದೆ. ಹಾಸಿಗೆಯಲ್ಲಿ ಮಲಗಿಸಿ ಹೊಟ್ಟೆಯ ಮೇಲೆ ಅಂಗೈ ಇಡು. ಒತ್ತಬೇಡ. ಬರೀ ಇಡು. ಇಲ್ಲಿ ನಾನು ಒಂದು ರಾತ್ರಿಗೆ ಹನ್ನೆರಡು ಮಕ್ಕಳನ್ನು ಹಾಗೇ ಮಲಗಿಸುತ್ತೇನೆ.

ಸಹಿ ಎಲ್ಲಿ ಹಾಕಬೇಕು ಹೇಳು, ಹಾಕುತ್ತೇನೆ.

ಫೋನು: ಲೈನ್ ಕಟ್ ಮಾಡಿಸಲು ಅರ್ಜಿ ಕೊಡಬೇಕಿತ್ತು, ಮರೆತೆ. ಇಲಾಖೆಗೆ ಬರೆಯುತ್ತೇನೆ. ನಿನ್ನ ನಿದ್ದೆ ಕೆಡಬಾರದು.

ವಾರ್ಡಿಗೆ ಮಾತ್ರ ಫೋನ್ ಮಾಡಬೇಡ. ಹಿಂದೆ ಒಂದು ಸಲ ಮಾಡಿದ್ದೆಯಂತೆ. ನಮ್ಮ ಮೇಟ್ರನ್ ಸಿಡಿಮಿಡಿ ಹೆಂಗಸು, ಸ್ವಂತ ಕರೆ ಬಂದರೆ ವಾರಪೂರ್ತಿ ಮುಖ ಊದಿಸಿಕೊಂಡಿರುತ್ತಾಳೆ.

ಮಗುವನ್ನು ಏನಂತ ಕರೆಯುತ್ತೀರಿ?

ಅಕ್ಕ


ಜುಲೈ 2

ಅಕ್ಕಾ,

ಮೆಣಸು ಅಂತ ಕರೆಯುತ್ತೇವೆ. ಹುಟ್ಟಿದಾಗ ಅಷ್ಟೇ ಇದ್ದಳು, ಈಗ ಅಷ್ಟೇ ಖಾರ. ಸರಿಯಾದ ಹೆಸರು ಇನ್ನೂ ಇಟ್ಟಿಲ್ಲ. ಆಸ್ಪತ್ರೆಯ ಕಾಗದದಲ್ಲಿ "ಹೆಣ್ಣು ಮಗು" ಅಂತಲೇ ಇದೆ. ಯಾಕೆ ಅಂತ ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಅಂಗೈ ಇಟ್ಟೆ. ಮಲಗಿದಳು! ಆದರೆ ಕೈ ತೆಗೆದ ಕೂಡಲೇ ಎದ್ದಳು. ನೀನು ಕೈ ತೆಗೆಯುವುದು ಹೇಗೆ ಅಂತ ಬರೆದಿರಲಿಲ್ಲ.

ನಿನ್ನೆ ಬ್ಯಾಂಕಿನ ಇಂಜಿನಿಯರ್ ಬಂದಿದ್ದರು, ಮನೆಗೆ ಬೆಲೆ ಕಟ್ಟಲು. ದಪ್ಪ ಮನುಷ್ಯ, ಸಣ್ಣ ಚೀಲ. ಹಳೆಯ ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಒಂದು ಸಲ ನಕ್ಷೆ, ಒಂದು ಸಲ ಗೋಡೆ, ಒಂದು ಸಲ ನನ್ನ ಮುಖ ನೋಡಿದರು.

"ಇಲ್ಲಿ ಒಂದು ಹಾಲ್ ಇರ್ಬೇಕಲ್ಲ?"

"ಇತ್ತು ಸಾರ್. ಮಧ್ಯ ಗೋಡೆ ಹಾಕಿದ್ದೀವಿ."

ಹೊರಗೆ ಹೋಗಿ ನೋಡಿದವರು ಅಂಗಳದಲ್ಲೇ ಜೋರಾಗಿ ನಕ್ಕರು. ನಾನು ಮೆಣಸನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ಕಿಟಕಿ ನೋಡಿ ನಗುತ್ತಿದ್ದರು.

"ಏನಮ್ಮಾ ಇದು, ಕಿಟಕಿಗೂ ಪಾಲು ಹಾಕಿದ್ದೀರಾ? ಒಂದು ಬಾಗಿಲು ನಿಮ್ಗೆ, ಒಂದು ಬಾಗಿಲು ಅವ್ರಿಗೆ! ಎಷ್ಟೋ ಪಾಲು ನೋಡಿದೀನಿ, ಇಷ್ಟು ನ್ಯಾಯವಾಗಿ ಕಿತ್ತಾಡಿದ್ದನ್ನ ನೋಡಿರ್ಲಿಲ್ಲ."

"ಜಗಳ ಆಡಿಲ್ಲ ಸಾರ್. ನಾವು ಅಕ್ಕತಂಗಿ. ಪ್ರೀತಿಗೇ ಕಟ್ಟಿದ್ದು."

"ಪ್ರೀತಿಗೆ ಯಾರಾದ್ರೂ ಗೋಡೆ ಕಟ್ತಾರಾ?"

ನಾನು ಮೆಣಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದೆ ಅಕ್ಕಾ. ಇವರು ಹಿಂದಿನಿಂದ "ಕಾಫಿ ತಗೊಳ್ಳಿ ಸಾರ್" ಅಂತ ಮಾತು ತೇಲಿಸಿದರು.

ಅವರು ಹೋದ ಮೇಲೂ ನನಗೆ ಗೋಡೆ ಕಟ್ಟಿಸಿದ ಆ ದಿನವೇ ಕಣ್ಣಮುಂದೆ. ನನ್ನ ಮದುವೆ ಗೊತ್ತಾದ ತಿಂಗಳು. "ಹೊಸ ದಂಪತಿ, ನಿಮ್ಮ ಪಾಡಿಗೆ ನೀವಿರಬೇಕು" ಅಂತ ಗೋಡೆಯ ಮಾತು ತೆಗೆದವಳು ನೀನು. "ಹಾಗಾದ್ರೆ ದೊಡ್ಡ ಪಾಲು ನಿಂಗೆ" ಅಂದೆ ನಾನು. "ನಿಮ್ಗೆ ನಾಳೆ ಮಕ್ಕಳಾಗ್ತವೆ, ನಿಂಗೇ ಇರಲಿ" ಅಂದೆ ನೀನು. ಕೊನೆಗೆ ಅಮ್ಮನ ಹೊಲಿಗೆ ಟೇಪು ತಂದು ಹಾಲನ್ನು ಸರಿ ಅರ್ಧಕ್ಕೆ ಅಳೆದೆವು. ಆ ಅರ್ಧ ಬಂದು ನಿಂತಿದ್ದು ಕಿಟಕಿಯ ನಟ್ಟನಡುವೆ. ಕಿಟಕಿ ನೀನು ಇಟ್ಟುಕೋ ಅಂತ ನಾನು, ಬೇಡ ನೀನಿಟ್ಟುಕೋ ಅಂತ ನೀನು. ಮೇಸ್ತ್ರಿ ಕರಣೆ ನೆಲಕ್ಕಿಟ್ಟು ಕೈ ಮುಗಿದಿದ್ದ, ನೆನಪಿದೆಯಾ? "ತಾಯಂದ್ರಾ, ಇಬ್ರಲ್ಲಿ ಒಬ್ರಾದ್ರೂ ಸ್ವಲ್ಪ ದುರಾಸೆ ಪಡ್ರಮ್ಮಾ, ನನ್ ಕೆಲ್ಸ ಮುಗೀಲಿ!"

ಯಾರೂ ಪಡಲಿಲ್ಲ. ಚೌಕಟ್ಟಿನ ನಡುಗಂಬಕ್ಕೇ ಗೋಡೆ ತಂದು ಕೂಡಿಸಿದ.

ಆಮೇಲೆ ನಮಗೆ ಅದೇ ಅನುಕೂಲವಾಯಿತು ಅನ್ನು. ನೀನು ನಿನ್ನ ಬಾಗಿಲು ತೆಗೆದು, ಕಂಬಿಯ ಸಂದಿನಿಂದ ಲೋಟ ಹೊರಗೆ ಹಾಕಿದರೆ ನಾನು ನನ್ನ ಕಂಬಿಯ ಸಂದಿನಿಂದ ಕೈ ಚಾಚಿ ಒಳಗೆಳೆದುಕೊಳ್ಳುತ್ತಿದ್ದೆ. ಮುಖ ಕಾಣುತ್ತಿರಲಿಲ್ಲ, ಬರೀ ಕೈ. ನನಗೆ ಫೋನ್ ಬಂದರೆ ನೀನು ನಿನ್ನ ಕಿಟಕಿ ಕಟ್ಟೆಯ ಮೇಲಿದ್ದ ರಿಸೀವರನ್ನು ಹಾಗೇ ಹೊರಗಿನಿಂದ ದಾಟಿಸುತ್ತಿದ್ದೆ. ಸುರುಳಿ ತಂತಿ ನೆಟ್ಟಗಾಗಿ, ನಾನು ಕಂಬಿಗೆ ಕೆನ್ನೆ ಒತ್ತಿಕೊಂಡು ಮಾತಾಡುವುದನ್ನು ನೋಡಿ ಇವರು "ಜೈಲಿನಲ್ಲಿರೋರನ್ನ ನೋಡೋಕೆ ಬಂದ ಹಾಗಿದೆ" ಅನ್ನುತ್ತಿದ್ದರು. ಒಳಗಿರುವುದು ಯಾರು ಅಂತ ಮಾತ್ರ ಹೇಳುತ್ತಿರಲಿಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನವರು ಹೇಳುವುದು ಎರಡೇ ದಾರಿ. ಒಂದು, ಗೋಡೆ ಒಡೆದು ನಕ್ಷೆಯಲ್ಲಿರುವ ಹಾಗೆ ಒಂದೇ ಮನೆ ಮಾಡಬೇಕು, ಆಗ ಇಬ್ಬರೂ ಸಹಿ ಹಾಕಿ ಸಾಲ ತಗೊಳ್ಳಬಹುದು. ಇಲ್ಲದಿದ್ದರೆ, ಒಬ್ಬರು ಇನ್ನೊಬ್ಬರಿಗೆ ತಮ್ಮ ಹಕ್ಕು ಪೂರ್ತಿ ಬಿಟ್ಟುಕೊಡಬೇಕು. ಮನೆ ಒಬ್ಬರದೇ ಆದರೆ ಒಳಗೆ ಎಷ್ಟು ಗೋಡೆ ಹಾಕಿಕೊಂಡರೂ ಅವರು ತಲೆ ಕೆಡಿಸಿಕೊಳ್ಳುವುದಿಲ್ಲವಂತೆ.

ಮೊದಲನೆಯದೇ ಸರಿ ಅಂತ ನನ್ನ ಮನಸ್ಸು. ಆದರೆ ಗೋಡೆ ಒಡೆದರೆ ಅದು ನಿನ್ನ ಮನೆಯೊಳಗೆ ಬೀಳುತ್ತದೆ. ನೀನು ಹೂಂ ಅನ್ನದೆ ನಾನು ನುಗ್ಗಿದರೆ ಅದು ಕಳ್ಳರ ಕೆಲಸ. ಏನು ಮಾಡಲಿ, ಬರಿ.

ನಿನ್ನ
ಸಣ್ಣಿ

ಮರೆತೆ. ಕಳೆದ ವಾರ ದಿನಾ ರಾತ್ರಿ ಫೋನ್ ಹೊಡೆದುಕೊಂಡಿತು. ಎರಡೇ ಸಲ. ಮೆಣಸು ಈಗ ಅಳುವುದಿಲ್ಲ, ಕಣ್ಣರಳಿಸಿ ಕೇಳಿಸಿಕೊಳ್ಳುತ್ತಾಳೆ.


ಜುಲೈ 13

ಸಣ್ಣಿ,

ಇದಕ್ಕೆ ಇಷ್ಟು ಯೋಚನೆ ಯಾಕೆ? ಎರಡನೆಯ ದಾರಿಯೇ ಸುಲಭ. ನನ್ನ ಪಾಲು ನಿನಗೆ ಬಿಟ್ಟುಕೊಡುತ್ತೇನೆ. ಬ್ಯಾಂಕಿನ ವಕೀಲರ ಹತ್ತಿರ ಹಕ್ಕು ಬಿಡುಗಡೆ ಪತ್ರ ಬರೆಸಿ ಕಳಿಸು, ಸಹಿ ಹಾಕಿ ಸಾಕ್ಷಿ ಹಾಕಿಸಿ ಕಳಿಸುತ್ತೇನೆ. ಮನೆ ಪೂರ್ತಿ ನಿನ್ನ ಹೆಸರಿಗಾದರೆ ನಿಮ್ಮನೆಯವರು ಅಂಗಡಿಯನ್ನೂ ಇಡಬಹುದು. ನನ್ನ ಅರ್ಧ ಕಂತು ಮಾತ್ರ ಬರುತ್ತಿರುತ್ತದೆ, ಅದಕ್ಕೆ ಅಡ್ಡಿಪಡಿಸಬೇಡ. ಚಾವಣಿಗೆ ಮಾಡಿದ ಸಾಲದಲ್ಲಿ ನನ್ನ ತಲೆಯೂ ನೆನೆಯದೆ ಉಳಿದಿತ್ತು.

ನನಗೆ ಇಲ್ಲಿ ಕ್ವಾರ್ಟರ್ಸ್ ಇದೆ. ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ. ಕಿಟಕಿ ಪೂರ್ತಿ ನನ್ನದೇ. ಎರಡೂ ಬಾಗಿಲು ತೆಗೆದರೆ ಎಷ್ಟೊಂದು ಗಾಳಿ ಬರುತ್ತದೆ ಅಂದರೆ ಒಂದನ್ನು ಮುಚ್ಚಿಯೇ ಇಡುತ್ತೇನೆ.

ಫೋನಿನ ಅರ್ಜಿ ಬರೆದಿಟ್ಟಿದ್ದೇನೆ.

ಕೈ ತೆಗೆಯುವುದು ಹೀಗೆ: ಮೊದಲು ಅಂಗೈ ಎತ್ತು, ಬೆರಳು ಹಾಗೇ ಇರಲಿ. ಆಮೇಲೆ ಒಂದೊಂದೇ ಬೆರಳು. ಕಿರುಬೆರಳು ಕೊನೆಗೆ. ಕೈ ಹೋಯಿತು ಅಂತ ಗೊತ್ತಾಗಬಾರದು.

ಅಕ್ಕ


ಆಗಸ್ಟ್ 1

ಅಕ್ಕಾ,

ಇವತ್ತು ಮನಿಯಾರ್ಡರ್ ಬಂತು. "ಕ್ಷೇಮ." ಚುಕ್ಕೆ ಅಲ್ಲೇ ಇದೆ.

ಒಂದೊಂದೇ ಬೆರಳು ತೆಗೆಯುವುದು ನಿನಗೆ ಚೆನ್ನಾಗಿ ಬರುತ್ತದೆ ಅಕ್ಕಾ. ಮೊದಲು ಊಟಕ್ಕೆ ಬರುವುದು ಬಿಟ್ಟೆ. ಆಮೇಲೆ ಕಾಫಿ ಲೋಟ ನಿಂತಿತು. ಆಮೇಲೆ "ವರ್ಗ ಆಗಿದೆ, ಒಂದೇ ವರ್ಷ" ಅಂದೆ. ವರ್ಗ ನೀನೇ ಕೇಳಿ ತಗೊಂಡಿದ್ದು ಅಂತ ಇಲ್ಲಿನ ಆಸ್ಪತ್ರೆಯಲ್ಲಿ ನಿನ್ನ ಜೊತೆಗಿದ್ದ ನರ್ಸ್ ಒಬ್ಬರು ನನ್ನ ಹೆರಿಗೆಯ ದಿನ ಬಾಯಿ ತಪ್ಪಿ ಹೇಳಿದರು. ನಾನು ನೋವಿನಲ್ಲಿದ್ದೆ, ಕೇಳಿಸಲಿಲ್ಲ ಅಂದುಕೊಂಡರು. ಕೇಳಿಸಿತು. ಈಗ ನಿನ್ನ ಪಾಲಿನ ಮನೆ. ಇದು ಕಿರುಬೆರಳು.

ಅಂಗಡಿ ಬೇಡ, ದೊಡ್ಡ ಮನೆ ಬೇಡ. ಕಂತು ಸ್ವಲ್ಪ ಇಳಿದರೆ ಸಾಕು. ವಕೀಲರ ಕಾಗದವನ್ನು ಇವರು ನಿನಗೆ ಕಳಿಸಿದ್ದಾರೆ. ಕಳಿಸಬೇಡಿ ಅಂದೆ. "ಅಕ್ಕ ಕೇಳಿದ್ದನ್ನ ಕಳಿಸ್ದೇ ಇರೋಕಾಗುತ್ತಾ? ಸಹಿ ಹಾಕೋದು ಬಿಡೋದು ಅವ್ರಿಗೆ ಬಿಟ್ಟಿದ್ದು" ಅಂದರು. ಅವರ ಮಾತೂ ಸರಿ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇನ್ನೊಂದು ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ನಾನು ಫೋನಿನ ವಿಷಯ ಎರಡನೆಯ ಸಲ ಬರೆದ ಮೇಲೆ ಅದು ಹೊಡೆದುಕೊಂಡೇ ಇಲ್ಲ. ದಿನಾ ಎಚ್ಚರವಾಗುತ್ತದೆ, ಕಾಯುತ್ತೇನೆ, ಇಲ್ಲ. ಹಿಂದೆ ಒಂದಷ್ಟು ದಿನ ಬಂದು ಒಂದಷ್ಟು ದಿನ ಬರುತ್ತಿರಲಿಲ್ಲ. ನಿನಗೆ ನೈಟ್ ಡ್ಯೂಟಿ ಬೀಳುವುದೂ ಹಾಗೇ ಅಲ್ಲವಾ?

ನೀನೇ ತಾನೆ ಅಕ್ಕಾ?

ನಡುರಾತ್ರಿ ವಾರ್ಡಿನಲ್ಲಿ ಹನ್ನೆರಡು ಮಕ್ಕಳನ್ನು ಮಲಗಿಸಿ, ಸಿಡಿಮಿಡಿ ಮೇಟ್ರನ್ ಕಣ್ಣು ತಪ್ಪಿಸಿ, ನಿನ್ನದೇ ಖಾಲಿ ಮನೆಗೆ ಫೋನ್ ಮಾಡಿ ಎರಡು ಸಲ ಬಡಿಸಿ ಇಡುತ್ತಿದ್ದವಳು ನೀನೇ. ಎದ್ದಿದ್ದೀಯಾ ಅಂತ.

ನಾನು ಪ್ರತಿ ಸಲವೂ ಗೋಡೆಗೆ ಎರಡು ಸಲ ತಟ್ಟಿದ್ದೇನೆ. ಯಾರಿಗೆ ಅಂತ ತಿಳಿಯದೆಯೇ ತಟ್ಟಿದ್ದೇನೆ. ನಿನಗೆ ಹೇಗೆ ಕೇಳಿಸಬೇಕು?

ಸಣ್ಣಿ


ಆಗಸ್ಟ್ 24

ಸಣ್ಣಿ,

ಕಾಗದ ಇದರ ಜೊತೆಗಿದೆ. ಸಹಿ ಹಾಕಿದ್ದೇನೆ. ಸಾಕ್ಷಿಗೆ ನಮ್ಮ ಡಾಕ್ಟರೂ ಮೇಟ್ರನ್ನೂ ಹಾಕಿದ್ದಾರೆ. ಮೇಟ್ರನ್ ಓದಿ ನೋಡಿ "ನಿಂಗೇನು ಹುಚ್ಚಾ?" ಅಂದಳು. ಅವಳು ನನ್ನ ಜೊತೆ ಆಡಿದ ಮೊದಲ ಒಳ್ಳೆಯ ಮಾತು ಅದು.

ನೀನು ನೇರವಾಗಿ ಕೇಳಿದ್ದೀಯ. ಫೋನಿನ ವಿಷಯಕ್ಕೆ ನಾನು ಉತ್ತರ ಬರೆಯುವುದಿಲ್ಲ. ಬೇರೆ ಒಂದಕ್ಕೆ ಬರೆಯುತ್ತೇನೆ, ನೀನು ಕೇಳದೆ ಬಿಟ್ಟಿದ್ದಕ್ಕೆ, ನಾನು ಯಾಕೆ ಹೊರಟುಬಂದೆ ಅನ್ನುವುದಕ್ಕೆ.

ಗೋಡೆ ತೆಳು. ದುಡ್ಡು ಸಾಲದೆ ಇಟ್ಟಿಗೆ ನಿಲ್ಲಿಸಿ ಕಟ್ಟಿಸಿದ್ದು ನಾವೇ. ನಿನಗೆ ಮಗುವಾಗುತ್ತದೆ ಅಂತ ಗೊತ್ತಾದ ಸಂಜೆ ನೀವಿಬ್ಬರೂ ಜೋರಾಗಿ ನಕ್ಕಿರಿ. ನಾನು ಈಚೆ ಬಟ್ಟೆ ಮಡಿಸುತ್ತಿದ್ದವಳು ನಾನೂ ನಕ್ಕೆ. ಕಿಟಕಿಗೆ ಬಂದು ಏನು ಅಂತ ಕೇಳಬೇಕು ಅಂತ ಎದ್ದೆ. ಅಷ್ಟರಲ್ಲಿ ನಿಮ್ಮನೆಯವರು "ಶ್, ಮೆಲ್ಲಗೆ, ಅಕ್ಕಂಗೆ ಕೇಳ್ಸುತ್ತೆ" ಅಂದರು. ನೀನು ನಗು ನಿಲ್ಲಿಸಿದೆ.

ತಪ್ಪು ತಿಳಿಯಬೇಡ, ಅವರು ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಮದುವೆ ಮಕ್ಕಳು ಅಂತ ಆಗದ ಅಕ್ಕ, ಅವಳ ಮನಸ್ಸಿಗೆ ಏನಾದರೂ ಅನ್ನಿಸೀತು ಅಂತ. ಆವತ್ತಿನಿಂದ ನಿಮ್ಮ ಮನೆಯಲ್ಲಿ ಪಿಸುಮಾತು ಶುರುವಾಯಿತು. ತೊಟ್ಟಿಲು ತಂದಾಗ ಪಿಸುಮಾತು, ಬಟ್ಟೆ ಹೊಲಿದಾಗ ಪಿಸುಮಾತು. ನಗು ನನಗೆ ಯಾವತ್ತೂ ಭಾರವಾಗಿರಲಿಲ್ಲ ಸಣ್ಣಿ. ನಾನಿದ್ದೇನೆ ಅಂತ ನಿನ್ನ ಸ್ವಂತ ಮನೆಯಲ್ಲಿ ನೀನು ನಗು ನುಂಗುವುದನ್ನು ಕೇಳಿಸಿಕೊಂಡು ಕೂರಲು ಆಗಲಿಲ್ಲ. ಮಗು ಹುಟ್ಟಿದರೆ ಅದರ ಅಳುವಿಗೂ ಕೈ ಅಡ್ಡ ಹಿಡಿಯುತ್ತೀರಿ ಅನ್ನಿಸಿತು. ಮಗು ಜೋರಾಗಿ ಅಳಬೇಕು. ಶ್ವಾಸಕೋಶಕ್ಕೆ ಒಳ್ಳೆಯದು.

ಆದ್ದರಿಂದ ಕಾಗದ ಬ್ಯಾಂಕಿಗೆ ಕೊಡು. ಜೋರಾಗಿ ಇರಿ.

ಅಕ್ಕ


ಸೆಪ್ಟೆಂಬರ್ 9

ಅಕ್ಕಾ,

ಇವತ್ತು ಯಾವ ಸದ್ದೂ ಇಲ್ಲದೆ ಎಚ್ಚರವಾಯಿತು. ಗಡಿಯಾರ ನೋಡಿದರೆ ಎರಡೂಕಾಲು. ಒಂದಿಷ್ಟು ಹೊತ್ತು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಆಮೇಲೆ ಎದ್ದು ಬಂದು ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕಿದರೆ ನಿನಗೆ ತಲಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬೆಳಗಿನ ಮೊದಲ ಬಸ್ಸಿನ ಡ್ರೈವರ್ ಇವರ ಸ್ನೇಹಿತ. ಅವರ ಕೈಯಲ್ಲಿ ಕೊಡುತ್ತೇವೆ, ಇವತ್ತು ಸಂಜೆ ಆಸ್ಪತ್ರೆಯ ಗೇಟಿಗೇ ಬಂದು ನಿನಗೆ ತಲಪಿಸುತ್ತಾರೆ. ಓದುವಾಗ ದಯವಿಟ್ಟು ಒಂದು ಕೈಯಲ್ಲಿ ಚಾರ್ಟ್ ಹಿಡಿದುಕೊಳ್ಳಬೇಡ.

ನಾಳೆ ಬ್ಯಾಂಕಿನಲ್ಲಿ ಹೇಳಲು ಕೊನೆಯ ದಿನ. ಆಮೇಲೆ ಈ ಬಡ್ಡಿ ಸಿಗುವುದಿಲ್ಲವಂತೆ. ಕಾಗದ ಕೊಡುತ್ತೇವೆ ಅಂತ ಹೇಳಬೇಕು, ಇಲ್ಲ ಗೋಡೆ ತೆಗೆಯುತ್ತೇವೆ ಅಂತ ಹೇಳಬೇಕು. ತೆಗೆಯುವುದಾದರೆ ನಾಳೆ ಮಧ್ಯಾಹ್ನವೇ ಇಂಜಿನಿಯರ್ ಬಂದು ನೋಡಬೇಕು. ಅದಕ್ಕೆ ಮೇಸ್ತ್ರಿಗೂ ಹೇಳಿಟ್ಟಿದ್ದೇನೆ. ಅದೇ ಮೇಸ್ತ್ರಿ. ಈಗ ಪೂರ್ತಿ ತಲೆ ನರೆತಿದೆ. ವಿಷಯ ಕೇಳಿ, "ನಾನು ಆವತ್ತೇ ಅಂದಿದ್ದೆ, ಒಬ್ರಾದ್ರೂ ದುರಾಸೆ ಪಡಿ ಅಂತ" ಅಂದ. ಸುತ್ತಿಗೆ ತಂದು ನಮ್ಮ ಹಿತ್ತಿಲಲ್ಲಿ ಇಟ್ಟು ಹೋಗಿದ್ದಾನೆ. ನಾಳೆ ಏಳು ಗಂಟೆಗೆ ಬರುತ್ತಾನೆ. ಹೊಡೆ ಅಂದರೆ ಹೊಡೆಯುತ್ತಾನೆ, ಬೇಡ ಅಂದರೆ ಸುತ್ತಿಗೆ ಹೊತ್ತುಕೊಂಡು ಹೋಗುತ್ತಾನೆ.

ನಿನ್ನ ಕಾಗದ ಅಮ್ಮನ ಹೊಲಿಗೆ ಡಬ್ಬಿಯಲ್ಲಿ, ಟೇಪಿನ ಕೆಳಗಿದೆ. ಇವರು ಅದನ್ನು ಮುಟ್ಟಿಲ್ಲ. ನಿನ್ನ ಪತ್ರ ಓದಲು ಕೊಟ್ಟೆ. ಓದಿ ಎದ್ದು ಅಂಗಳಕ್ಕೆ ಹೋದರು. ಒಳಗೆ ಬಂದು ಗೋಡೆಯ ಕಡೆ ನೋಡಿ, "ಅದನ್ನ ಅಂದಿದ್ದು ನೆನಪೇ ಇಲ್ಲ ಕಣೇ" ಅಂದರು, ಮೆಲ್ಲಗೆ. ಆಮೇಲೆ ತಮಗೇ ಗೊತ್ತಾಗಿ, ಅದೇ ಮಾತನ್ನು ಇನ್ನೊಂದು ಸಲ ಜೋರಾಗಿ ಅಂದರು. ಮೆಣಸು ಬೆಚ್ಚಿಬಿದ್ದು ಊರು ಹಾರಿಹೋಗುವ ಹಾಗೆ ಅತ್ತಳು. ನಾವು ಯಾರೂ ಕೈ ಅಡ್ಡ ಹಿಡಿಯಲಿಲ್ಲ. ನಿನಗೆ ಕೇಳಿಸಬೇಕಿತ್ತು ಅಕ್ಕಾ.

ಇನ್ನು ನಾನು ಕಂಡುಹಿಡಿದಿದ್ದನ್ನು ಹೇಳುತ್ತೇನೆ. ನಿನ್ನೆ ಮೂಲೆಯ ಔಷಧಿ ಅಂಗಡಿಗೆ ಹೋದೆ. ಅಲ್ಲಿನ ಫೋನಿಗೆ ಕಾಸು ಹಾಕಿ ನಿನ್ನ ಮನೆಯ ನಂಬರ್ ತಿರುಗಿಸಿದೆ. "ಲೈನ್ ಇಲ್ಲ" ಅಂತ ಬರುತ್ತದೆ ಅಂದುಕೊಂಡಿದ್ದೆ. ರಿಂಗ್ ಆಯಿತು! ನಾನು ರಿಸೀವರ್ ಹಿಡಿದು ಹಾಗೇ ನಿಂತುಬಿಟ್ಟೆ. ಅಂಗಡಿಯವನು "ಯಾರೂ ಎತ್ತಲ್ವಾ ಮೇಡಂ?" ಅಂದ. "ಎತ್ತೋರಿಲ್ಲ" ಅಂದೆ. "ಮತ್ತೆ ಯಾಕೆ ಮಾಡ್ತೀರಾ?" ಅಂದ. ಪ್ರೀತಿಗೆ ಯಾರಾದರೂ ಗೋಡೆ ಕಟ್ತಾರಾ ಅಂದ ಇಂಜಿನಿಯರ್ ನೆನಪಾದರು, ರಿಸೀವರ್ ಇಟ್ಟು ಹೊರಟೆ.

ಮನೆಗೆ ಬಂದರೆ ಇವರು ಬಾಗಿಲಲ್ಲೇ ಕಾಯುತ್ತಿದ್ದರು. "ನೀನೇನಾ ಮಾಡಿದ್ದು? ಇವ್ಳು ಏನು ಮಾಡಿದ್ಲು ಗೊತ್ತಾ?" ಚಾಪೆಯ ಮೇಲೆ ಮಗುಚಿ ಆಡಿಕೊಂಡಿದ್ದ ಮೆಣಸು ಫೋನ್ ಸದ್ದಾದ ಕೂಡಲೇ ತಲೆಯೆತ್ತಿದಳಂತೆ. ಎದೆ ನೆಲಕ್ಕೆ ಉಜ್ಜಿಕೊಂಡು ಗೋಡೆಯ ತನಕ ತೆವಳಿದಳಂತೆ. ಅವಳು ತೆವಳಿದ್ದು ಅದೇ ಮೊದಲು. ಹೋಗಿ ಗೋಡೆಗೆ ಅಂಗೈ ಹಚ್ಚಿ ಬಡಿದಳಂತೆ. ಎರಡು ಸಲವಾ ಅಂತ ಕೇಳಿದೆ. "ಅಷ್ಟೆಲ್ಲಾ ಲೆಕ್ಕ ಇಡಕ್ಕೆ ಅವ್ಳೇನು ಬ್ಯಾಂಕಿನವಳಾ? ಬಡಿದ್ಲು ಬಡಿದ್ಲು, ಬಡೀತಾನೇ ಇದ್ಲು" ಅಂದರು.

ನನ್ನಿಂದ ಕಲಿತಿದ್ದಾಳೆ ಅಕ್ಕಾ. ಅವಳ ಪಾಲಿಗೆ ಫೋನ್ ಅಂದರೆ ಗೋಡೆ ತಟ್ಟುವುದು. ದೊಡ್ಡಮ್ಮ ಅಂದರೆ ಆ ಗೋಡೆ.

ಇಷ್ಟು ತಿಂಗಳಾಗಿಯೂ ಲೈನ್ ಕಟ್ ಆಗಿಲ್ಲ ಅಂದರೆ, ನೀನು ಬರೆದಿಟ್ಟ ಅರ್ಜಿ ಬರೆದಿಟ್ಟಲ್ಲೇ ಇದೆ. ಯಾರೂ ಇಲ್ಲದ ಮನೆಯ ಫೋನಿಗೆ ಬಿಲ್ ಕಟ್ಟುತ್ತಾ ಬಂದಿದ್ದೀಯ. ಬಿಟ್ಟುಕೊಡುತ್ತೇನೆ ಅಂತ ಮನೆಯನ್ನೇ ಬರೆದುಕೊಟ್ಟವಳಿಗೆ ಒಂದು ಫೋನ್ ಬಿಡಲಾಗಲಿಲ್ಲ. ನನಗೆ ಅಷ್ಟು ಸಾಕು. ಅಷ್ಟನ್ನೇ ಹಿಡಿದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾವು ಮತ್ತೆ ಅದೇ ತಪ್ಪು ಮಾಡುತ್ತಿದ್ದೇವೆ. ನೀನು ದೊಡ್ಡ ಪಾಲು ನನಗೆ ತಳ್ಳುತ್ತಿದ್ದೀಯ, ನಾನು ಬೇಡ ಬೇಡ ಅಂತ ಹಿಂದಕ್ಕೆ ತಳ್ಳುತ್ತಿದ್ದೇನೆ, ನಡುವೆ ಇನ್ನೊಂದು ಗೋಡೆ ಏಳುತ್ತಿದೆ. ಈ ಸಲ ನಾನು ಟೇಪು ಹಿಡಿಯುವುದಿಲ್ಲ. ಮೇಸ್ತ್ರಿ ಹೇಳಿದ ಹಾಗೆ ದುರಾಸೆ ಪಡುತ್ತೇನೆ. ನನಗೆ ಎಲ್ಲಾ ಬೇಕು. ಕಂತೂ ಇಳಿಯಬೇಕು, ಗೋಡೆಯೂ ಬೀಳಬೇಕು, ಕಿಟಕಿಯ ಎರಡೂ ಬಾಗಿಲು ಬೇಕು, ಸಾಲದ ಕಾಗದದಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಬೇಕು. ಆಸ್ಪತ್ರೆಯ ಕಾಗದದಲ್ಲಿ "ಹೆಣ್ಣು ಮಗು" ಅಂತ ಇರುವ ಕಡೆ ನೀನು ಇಡುವ ಹೆಸರು ಬೇಕು. ನೀನು ಬೇಕು.

ನೀನು ಕೆಲಸ ಬಿಟ್ಟು ಬಾ ಅಂತ ನಾನು ಹೇಳುತ್ತಿಲ್ಲ. ಆ ಹನ್ನೆರಡು ಮಕ್ಕಳ ಹೊಟ್ಟೆಯ ಮೇಲೆ ಯಾರಾದರೂ ಕೈ ಇಡಬೇಕಲ್ಲ. ರಜಕ್ಕೆ ಬಾ. ಬಂದರೆ ಮಲಗಲು ನಿನ್ನ ಜಾಗ ನಿನಗಿರಲಿ. ಬರುವಾಗ ಬೀಗದಕೈ ಮರೆತರೂ ಪರವಾಗಿಲ್ಲ, ಆಗ ಬೀಗಕ್ಕೆ ಕೆಲಸವಿರುವುದಿಲ್ಲ. ಇವರ ಗೊರಕೆ ಮಾತ್ರ ನೀನೂ ಪೂರ್ತಿಯಾಗಿ ಕೇಳಬೇಕಾಗುತ್ತದೆ. ಅದರಲ್ಲಿ ಅರ್ಧ ನಿನಗೆ ಬರೆದುಕೊಡುತ್ತೇನೆ.

ಹಾಗಂತ ನಿನ್ನ ಮಾತು ಮೀರಿ ಗೋಡೆ ಒಡೆಯುವುದಿಲ್ಲ. ನಿನ್ನ ಮನೆ ನಿನ್ನದು. ಅದಕ್ಕೇ ಕೇಳುತ್ತಿದ್ದೇನೆ. ಔಷಧಿ ಅಂಗಡಿ ತೆಗೆಯುವುದು ಹತ್ತು ಗಂಟೆಗೆ, ಅಲ್ಲಿಗೆ ಮಾಡಿದರೆ ತಡವಾಗುತ್ತದೆ. ನೀನು ನಿನ್ನ ಮನೆಗೇ ಮಾಡು. ಈ ವಾರ ನಿನಗೆ ನೈಟ್ ಡ್ಯೂಟಿಯೋ ಇಲ್ಲವೋ ಗೊತ್ತಿಲ್ಲ. ಇಲ್ಲದಿದ್ದರೆ ಮೇಟ್ರನ್‌ನ ಕೇಳು. ನಿಂಗೇನು ಹುಚ್ಚಾ ಅಂದವಳು ಇಲ್ಲ ಅನ್ನಲಾರಳು. ಏನೂ ಮಾತಾಡಬೇಕಾಗಿಲ್ಲ. ಮಾತಾಡಲು ಎತ್ತುವವರೂ ಇಲ್ಲ. ಎರಡು ಸಲ ಬಡಿಸಿ ಇಡು. ಬಡಿದರೆ ಕಾಗದ ಹರಿದು ಒಲೆಗೆ ಹಾಕುತ್ತೇನೆ, ಮೇಸ್ತ್ರಿಗೆ ಸುತ್ತಿಗೆ ಎತ್ತು ಅನ್ನುತ್ತೇನೆ. ಬಡಿಯದಿದ್ದರೆ ಇವರು ಹತ್ತು ಗಂಟೆಗೆ ಕಾಗದ ತೆಗೆದುಕೊಂಡು ಹೋಗುತ್ತಾರೆ. ನಾನು ನಿನ್ನನ್ನು ಇನ್ನು ಯಾವತ್ತೂ ಕೇಳುವುದಿಲ್ಲ.

ಇವತ್ತು ರಾತ್ರಿ ನಾವು ಮೂವರೂ ಗೋಡೆಯ ಬುಡದಲ್ಲೇ ಹಾಸಿಗೆ ಹಾಕಿಕೊಳ್ಳುತ್ತೇವೆ. ನಾನು ಮಲಗುವುದಿಲ್ಲ. ಮೆಣಸೂ ಮಲಗುವುದಿಲ್ಲ, ಅವಳು ಯಾವತ್ತು ಮಲಗಿದ್ದಾಳೆ? ಎರಡೂಕಾಲಿಗೇ ಆಗಬೇಕು ಅಂತಿಲ್ಲ. ಮೂರಕ್ಕೆ ಮಾಡು, ನಾಲ್ಕಕ್ಕೆ ಮಾಡು, ಮಕ್ಕಳು ಎದ್ದು ಗಲಾಟೆ ಮಾಡುತ್ತಿದ್ದರೆ ಅವರು ಮಲಗಿದ ಮೇಲೆ ಮಾಡು. ಆದರೆ ಮಾಡು ಅಕ್ಕಾ. ಕೈ ಮುಗಿಯುತ್ತೇನೆ, ಬೆಳಗಾಗುವುದರೊಳಗೆ ಮಾಡು.

ಎದ್ದಿರುತ್ತೇನೆ.

ನಿನ್ನ
ಸಣ್ಣಿ